ದಾಖಲೆ ಹೊರಗೆ ಹೋಗುವ ಮುನ್ನ: ಹೊರಗಿನ ಸಂಸ್ಕರಣಾ ಸೇವೆ ಬಳಸುವ ನವೋದ್ಯಮಗಳಿಗೆ ಸುರಕ್ಷತಾ ಮಾರ್ಗದರ್ಶಿ

ಗುರುತಿನ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಇನ್‌ವಾಯ್ಸ್, ಕರಾರುಪತ್ರ, ವೈದ್ಯಕೀಯ ವರದಿ ಮುಂತಾದವುಗಳನ್ನು ಓದಿ, ಅವುಗಳೊಳಗಿನ ಹೆಸರು, ದಿನಾಂಕ, ಮೊತ್ತಗಳನ್ನು ಬಿಡಿಸಿಕೊಡುವ ತಂತ್ರಾಂಶವನ್ನು ಚಿಕ್ಕ ತಂಡವೊಂದು ತಾನೇ ಮೊದಲಿನಿಂದ ಕಟ್ಟುವುದು ಕಷ್ಟ. ಆದ್ದರಿಂದ ಹೆಚ್ಚಿನ ನವೋದ್ಯಮಗಳು ಈ ಕೆಲಸವನ್ನು ಹೊರಗಿನ ಸೇವೆಗೆ ಒಪ್ಪಿಸುತ್ತವೆ. ಒಪ್ಪಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎಪಿಐ (ಎರಡು ತಂತ್ರಾಂಶಗಳ ನಡುವೆ ದತ್ತಾಂಶ ಸಾಗಿಸುವ ಸಂಪರ್ಕ) ಜೋಡಿಸುವ ಕೆಲಸ ಅರ್ಧ ದಿನದಲ್ಲಿ ಮುಗಿದುಬಿಡುವುದರಿಂದ, ಯಾರ ದಾಖಲೆ ಯಾರ ಕೈಗೆ ಎಷ್ಟು ಕಾಲಕ್ಕೆ ಹೋಗುತ್ತಿದೆ ಎಂದು ಯಾರಾದರೂ ಕೇಳುವಷ್ಟರಲ್ಲಿ ಸಾವಿರಾರು ಪುಟಗಳು ಹೊರಟುಹೋಗಿರುತ್ತವೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಒಬ್ಬರ ಜನ್ಮದಿನಾಂಕ, ಸಹಿ, ಕಾಯಿಲೆಯ ವಿವರ ಸೋರಿದರೆ ಬದಲಿಸಿಕೊಡಲು ಯಾರಿಂದಲೂ ಆಗದು. ಆದ ಕಾರಣ ಈ ಎಚ್ಚರಿಕೆ ಸೇವೆಯ ಆಯ್ಕೆಗೂ ಮೊದಲೇ ಆರಂಭವಾಗಬೇಕು.

ಅಮೆರಿಕದ ಒಂದು ಪ್ರಕರಣವನ್ನು ಪ್ರತಿಯೊಂದು ತಂಡವೂ ತಿಳಿದಿರುವುದು ಒಳ್ಳೆಯದು. ಅಸೆನ್ಷನ್ ಡೇಟಾ ಅಂಡ್ ಅನಲಿಟಿಕ್ಸ್ ಎಂಬ ಸಂಸ್ಥೆ ಗೃಹಸಾಲದ ದಾಖಲೆಗಳನ್ನು ಒಸಿಆರ್ (ಪುಟದ ಚಿತ್ರದಲ್ಲಿನ ಅಕ್ಷರಗಳನ್ನು ಯಂತ್ರದಿಂದ ಓದಿಸಿ ಪಠ್ಯವಾಗಿಸುವುದು) ಮಾಡಿಸಲು ಆಪ್ಟಿಕ್ಸ್‌ಎಂಎಲ್ ಎಂಬ ಸೇವೆಗೆ ಕೊಟ್ಟಿತ್ತು. ಓದಿ ತೆಗೆದ ಪಠ್ಯವನ್ನು ಆ ಸೇವೆ ಪಾಸ್‌ವರ್ಡ್ ಇಲ್ಲದ, ಎನ್‌ಕ್ರಿಪ್ಟ್ ಆಗದ ಕ್ಲೌಡ್ ಸರ್ವರ್‌ನಲ್ಲಿ ಇಟ್ಟಿದ್ದು 2019ರ ಜನವರಿಯಲ್ಲಿ ಬೆಳಕಿಗೆ ಬಂತು. 2.4 ಕೋಟಿಗೂ ಹೆಚ್ಚು ಸಾಲದ ದಾಖಲೆಗಳು ಹಾಗೆ ತೆರೆದುಕೊಂಡಿದ್ದವು. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಪ್ರಕಟಿಸಿದ್ದು ದಾಖಲೆಗಳನ್ನು ಕೊಟ್ಟ ಅಸೆನ್ಷನ್ ಮೇಲೆ. ಸೇವಾದಾರರನ್ನು ಪರಿಶೀಲಿಸಬೇಕೆಂಬ ನಿಯಮ ಆ ಸಂಸ್ಥೆಯ ಸ್ವಂತ ಕಡತದಲ್ಲಿಯೇ ಇತ್ತು, ಆದರೆ ಅದನ್ನು ಪಾಲಿಸಿರಲಿಲ್ಲ ಎಂಬುದು ಮುಖ್ಯ ಆರೋಪವಾಗಿತ್ತು. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಒಂದೇ ದಾಖಲೆಯ ದಾರಿಯನ್ನು ಬರೆದುಕೊಳ್ಳಿ

ಸೇವೆಗಳನ್ನು ಹೋಲಿಸಿ ನೋಡುವ ಮುನ್ನ, ನಿಮ್ಮ ಗ್ರಾಹಕರೊಬ್ಬರು ಅಪ್‌ಲೋಡ್ ಮಾಡುವ ಒಂದೇ ಒಂದು ಪಿಡಿಎಫ್ ಅನ್ನು ಆರಿಸಿಕೊಂಡು, ಅದು ಅವರ ಫೋನಿನಿಂದ ಹೊರಟಲ್ಲಿಂದ ಸಂಪೂರ್ಣವಾಗಿ ಅಳಿಸಿಹೋಗುವವರೆಗೆ ಎಲ್ಲೆಲ್ಲಿ ತಂಗುತ್ತದೆ ಎಂಬುದನ್ನು ಹಾಳೆಯ ಮೇಲೆ ಬರೆಯಿರಿ. ಒಂದು ದಾಖಲೆ ಒಂದೇ ಆಗಿ ಉಳಿಯುವುದಿಲ್ಲ. ಮೂಲ ಕಡತ ಒಂದು ಕಡೆ, ಪ್ರತಿ ಪುಟದ ಚಿತ್ರ ಇನ್ನೊಂದು ಕಡೆ, ಒಸಿಆರ್ ತೆಗೆದ ಪಠ್ಯ, ಅದರಿಂದ ಆಯ್ದ ವಿವರಗಳಿರುವ ಜೇಸನ್ ಕಡತ, ಪರದೆಯ ಮೇಲೆ ತೋರಿಸುವ ಥಂಬ್‌ನೇಲ್, ವಿಫಲವಾದಾಗ ಮತ್ತೆ ಪ್ರಯತ್ನಿಸಲು ಉಳಿಸಿಕೊಂಡ ಪ್ರತಿ, ದೋಷ ವರದಿಗೆ ಅಂಟಿಕೊಂಡ ತುಣುಕು, ರಾತ್ರಿಯ ಬ್ಯಾಕಪ್, ಕೃತಕ ಬುದ್ಧಿಮತ್ತೆಯ ಮಾದರಿಯ ತರಬೇತಿಗೆ ಎತ್ತಿಟ್ಟ ಸಂಗ್ರಹ, ಹೀಗೆ ಹಲವು ಪ್ರತಿಗಳಾಗುತ್ತವೆ. 'ನಾವು ಕಡತವನ್ನು 24 ಗಂಟೆಯಲ್ಲಿ ಅಳಿಸುತ್ತೇವೆ' ಎಂದು ಸೇವೆಯವರು ಹೇಳಿದಾಗ, ಈ ಪಟ್ಟಿಯಲ್ಲಿರುವ ಯಾವ ಪ್ರತಿಯನ್ನು ಎಂದು ಕೇಳಲು ನಿಮ್ಮ ಕೈಯಲ್ಲಿ ಆ ಹಾಳೆ ಇರಬೇಕು.

ನಾನು ಕೆಲಸ ಮಾಡುತ್ತಿದ್ದ ತಂಡವೊಂದರಲ್ಲಿ ಈ ಹಾಳೆಯನ್ನು ಬರೆಯುವಾಗಲೇ ತೊಂದರೆ ಪತ್ತೆಯಾಯಿತು. ಯಶಸ್ವಿಯಾಗಿ ಸಂಸ್ಕರಣೆಯಾದ ದಾಖಲೆಗಳನ್ನು ಸೇವೆಯವರು ಹೇಳಿದಂತೆಯೇ ಅಳಿಸುತ್ತಿದ್ದರು. ಆದರೆ ಮಸುಕಾದ ಫೋಟೊ, ತಲೆಕೆಳಗಾದ ಸ್ಕ್ಯಾನ್, ಪಾಸ್‌ವರ್ಡ್ ಹಾಕಿದ ಪಿಡಿಎಫ್ ಮುಂತಾಗಿ ಓದಲಾಗದೆ ಹೋದವೆಲ್ಲ ಬೇರೊಂದು ಸರತಿಯಲ್ಲಿ ಸೇರಿಕೊಂಡು, ಯಾವ ಗಡುವೂ ಇಲ್ಲದೆ ತಿಂಗಳುಗಟ್ಟಲೆ ಉಳಿದಿದ್ದವು. ಅಳಿಸುವ ನಿಯಮವನ್ನು 'ಕೆಲಸ ಮುಗಿದ ನಂತರ' ಎಂದು ಬರೆಯಲಾಗಿತ್ತು. ಅವುಗಳ ಕೆಲಸ ಮುಗಿದೇ ಇರಲಿಲ್ಲ. ಅಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ನಾವು ಕೇಳಿರಲಿಲ್ಲ, ಅವರು ಯೋಚಿಸಿರಲಿಲ್ಲ.

ಕಳಿಸಬೇಕಾದ್ದನ್ನು ಮಾತ್ರ ಕಳಿಸಿ

ಅತ್ಯಂತ ಅಗ್ಗದ ಹಾಗೂ ಅತ್ಯಂತ ಗಟ್ಟಿಯಾದ ರಕ್ಷಣೆ ಇದು: ಹೋಗದ ದತ್ತಾಂಶ ಸೋರುವುದಿಲ್ಲ. ನಲವತ್ತು ಪುಟಗಳ ಕರಾರಿನಲ್ಲಿ ನಿಮಗೆ ಬೇಕಿರುವುದು ಮೊದಲ ಪುಟದ ಹೆಸರುಗಳು ಮತ್ತು ಕೊನೆಯ ಪುಟದ ದಿನಾಂಕವಾದರೆ ಆ ಎರಡೇ ಪುಟಗಳನ್ನು ಕಳಿಸಿ. ಒಂದೇ ವಿನ್ಯಾಸದ ಸರಳ ನಮೂನೆಗಳನ್ನು ಓದಲು ಟೆಸರಾಕ್ಟ್‌ನಂಥ ಮುಕ್ತ ತಂತ್ರಾಂಶ ನಿಮ್ಮದೇ ಸರ್ವರ್‌ನಲ್ಲಿ ಸಾಕಾಗಬಹುದು. ಅದು ಓದಲಾರದ ಕಠಿಣ ದಾಖಲೆಗಳನ್ನು ಮಾತ್ರ ಹೊರಗೆ ಕಳಿಸುವ ವ್ಯವಸ್ಥೆ ಮಾಡಿಕೊಂಡರೆ ಹೊರಹೋಗುವ ಪ್ರಮಾಣವೇ ಕುಗ್ಗುತ್ತದೆ. ಕಡತದ ಹೆಸರನ್ನೂ ಮರೆಯಬೇಡಿ. ಗ್ರಾಹಕರ ಪೂರ್ತಿ ಹೆಸರು ಮತ್ತು ಖಾತೆ ಸಂಖ್ಯೆಯನ್ನೇ ಕಡತದ ಹೆಸರಾಗಿ ಇಟ್ಟರೆ, ಕಡತ ಎಷ್ಟೇ ಎನ್‌ಕ್ರಿಪ್ಟ್ ಆಗಿದ್ದರೂ ಹೆಸರು ಮಾತ್ರ ಪ್ರತಿಯೊಂದು ಲಾಗ್‌ನಲ್ಲಿಯೂ ಓದುವಂತೆ ಬಿದ್ದಿರುತ್ತದೆ. ಅರ್ಥವಿಲ್ಲದ ಯಾದೃಚ್ಛಿಕ ಗುರುತನ್ನು ಕೊಟ್ಟು, ಅದು ಯಾರದ್ದು ಎಂಬ ನಂಟನ್ನು ನಿಮ್ಮ ಡೇಟಾಬೇಸ್‌ನಲ್ಲಿ ಮಾತ್ರ ಇಟ್ಟುಕೊಳ್ಳಿ.

ಕೆಲವು ಭಾಗಗಳನ್ನು ಮರೆಮಾಡಿ ಕಳಿಸುವುದಾದರೆ ಸರಿಯಾಗಿ ಮರೆಮಾಡಿ. ಪಿಡಿಎಫ್‌ನ ಮೇಲೆ ಕಪ್ಪು ಪಟ್ಟಿ ಎಳೆದರೆ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಆದರೆ ಅದರ ಕೆಳಗಿನ ಪಠ್ಯ ಹಾಗೆಯೇ ಇರುತ್ತದೆ. ಆ ಪಟ್ಟಿಯ ಮೇಲೆ ಮೌಸ್ ಎಳೆದು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಅಡಗಿಸಿದ ಸಾಲು ಪೂರ್ತಿಯಾಗಿ ಹೊರಬರುತ್ತದೆ. 2019ರ ಜನವರಿಯಲ್ಲಿ ಟ್ರಂಪ್ ಅವರ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮನಾಫೋರ್ಟ್ ಅವರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಹೀಗೆಯೇ ಆಗಿ, ಪತ್ರಕರ್ತರು ಕಪ್ಪು ಪಟ್ಟಿಗಳ ಕೆಳಗಿನದನ್ನು ಓದಿಬಿಟ್ಟರು. ಪುಟವನ್ನು ಚಿತ್ರವನ್ನಾಗಿ ಪರಿವರ್ತಿಸಿ, ಆ ಭಾಗದ ಪಿಕ್ಸೆಲ್‌ಗಳನ್ನೇ ಅಳಿಸಿ, ಹಳೆಯ ಪಠ್ಯ ಪದರವನ್ನು ತೆಗೆದುಹಾಕಿದ ಮೇಲಷ್ಟೇ ಅದು ಮರೆಯಾಗುತ್ತದೆ. ಇದೇ ಎಚ್ಚರ ಫೋಟೊದೊಳಗಿನ ಸ್ಥಳ ಮಾಹಿತಿಗೂ, ವರ್ಡ್ ಕಡತದ ತಿದ್ದುಪಡಿ ಇತಿಹಾಸಕ್ಕೂ, ಎಕ್ಸೆಲ್‌ನ ಅಡಗಿಸಿದ ಹಾಳೆಗಳಿಗೂ ಬೇಕು.

ನಿಮ್ಮ ಸಿಬ್ಬಂದಿಯ ದಿನನಿತ್ಯದ ಅಭ್ಯಾಸವೂ ಇಲ್ಲಿಯೇ ಬರುತ್ತದೆ. ಪಿಡಿಎಫ್ ಜೋಡಿಸಲು, ಗಾತ್ರ ಇಳಿಸಲು, ವರ್ಡ್‌ಗೆ ಬದಲಿಸಲು ಹುಡುಕಾಟದಲ್ಲಿ ಮೊದಲು ಸಿಕ್ಕ ಉಚಿತ ತಾಣಕ್ಕೆ ಗ್ರಾಹಕರ ದಾಖಲೆಯನ್ನು ಹಾಕುವುದು ಎಲ್ಲ ಕಚೇರಿಗಳಲ್ಲಿಯೂ ನಡೆಯುತ್ತದೆ. ಇಂಥ ಪರಿವರ್ತಕ ತಾಣಗಳ ಹೆಸರಿನಲ್ಲಿ ದುರುದ್ದೇಶದ ತಂತ್ರಾಂಶ ಹರಡುತ್ತಿರುವುದರ ಬಗ್ಗೆ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ನೀಡಿತ್ತು. ಬಳಸಬೇಡಿ ಎಂದು ಸುತ್ತೋಲೆ ಹೊರಡಿಸಿದರೆ ಸಾಲದು; ಆ ಕೆಲಸ ಮಾಡುವ ಒಪ್ಪಿತ ತಂತ್ರಾಂಶವೊಂದನ್ನು ಎಲ್ಲರ ಕಂಪ್ಯೂಟರ್‌ನಲ್ಲಿಯೂ ಹಾಕಿಕೊಡಬೇಕು.

ಸೇವಾದಾರರನ್ನು ಕೇಳಬೇಕಾದ್ದು

ಜಾಲತಾಣದಲ್ಲಿ ಹಾಕಿರುವ ಪ್ರಮಾಣಪತ್ರದ ಲಾಂಛನಗಳನ್ನು ನೋಡಿ ಸಮಾಧಾನಪಡಬೇಡಿ. ವರದಿಯನ್ನೇ ತರಿಸಿಕೊಂಡು ಓದಿ. ಸೇವಾ ಸಂಸ್ಥೆಯ ನಿಯಂತ್ರಣಗಳನ್ನು ಹೊರಗಿನ ಲೆಕ್ಕಪರಿಶೋಧಕರು ಪರೀಕ್ಷಿಸಿ ಕೊಡುವ ಸಾಕ್ 2 (SOC 2) ವರದಿಯಲ್ಲಿ ಎರಡು ಬಗೆಗಳಿವೆ. ಮೊದಲ ಬಗೆಯದು ಒಂದು ನಿರ್ದಿಷ್ಟ ದಿನದಂದು ನಿಯಂತ್ರಣಗಳು ಸರಿಯಾಗಿ ರೂಪುಗೊಂಡಿದ್ದವೇ ಎಂದಷ್ಟೇ ಹೇಳುತ್ತದೆ. ಎರಡನೆಯದು ಕೆಲವು ತಿಂಗಳುಗಳ ಅವಧಿಯಲ್ಲಿ ಅವು ನಿಜವಾಗಿ ನಡೆದವೇ ಎಂದು ಪರೀಕ್ಷಿಸಿ ಹೇಳುತ್ತದೆ. ನಿಮಗೆ ಬೇಕಾದ್ದು ಎರಡನೆಯದು. ಇದರ ಐದು ಮಾನದಂಡಗಳಲ್ಲಿ ಭದ್ರತೆ ಮಾತ್ರ ಕಡ್ಡಾಯ. ಲಭ್ಯತೆ, ಸಂಸ್ಕರಣೆಯ ನಿಖರತೆ, ಗೌಪ್ಯತೆ, ಖಾಸಗಿತನ ಇವು ಸಂಸ್ಥೆಯ ಆಯ್ಕೆಗೆ ಬಿಟ್ಟವು. ದಾಖಲೆಗಳನ್ನೇ ಸಂಸ್ಕರಿಸುವ ಸೇವೆಯೊಂದು ಗೌಪ್ಯತೆಯನ್ನು ಕೈಬಿಟ್ಟು ವರದಿ ಮಾಡಿಸಿಕೊಂಡಿದ್ದರೆ ಕಾರಣ ಕೇಳಲೇಬೇಕು. ವರದಿಯ ವ್ಯಾಪ್ತಿಯಲ್ಲಿ ನೀವು ಬಳಸಲಿರುವ ಉತ್ಪನ್ನವೇ ಇದೆಯೇ, ಲೆಕ್ಕಪರಿಶೋಧಕರು ಗುರುತಿಸಿದ ಲೋಪಗಳೇನು, ಗ್ರಾಹಕರಾದ ನೀವೇ ಮಾಡಬೇಕಾದ ನಿಯಂತ್ರಣಗಳು ಯಾವುವು ಎಂಬ ಮೂರು ಕಡೆ ಗಮನವಿಟ್ಟರೆ ಅರ್ಧ ಗಂಟೆಯಲ್ಲಿ ಬಹಳಷ್ಟು ತಿಳಿಯುತ್ತದೆ. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001 ಪ್ರಮಾಣಪತ್ರದ ವಿಷಯದಲ್ಲಿಯೂ ವ್ಯಾಪ್ತಿಯ ಸಾಲನ್ನು ಮೊದಲು ಓದಿ. ಮಾನವ ಸಂಪನ್ಮೂಲ ವಿಭಾಗಕ್ಕೆ ಸಿಕ್ಕ ಪ್ರಮಾಣಪತ್ರ ಒಸಿಆರ್ ಸರ್ವರ್‌ಗೆ ರಕ್ಷಣೆಯಾಗದು.

ನಂತರದ ಪ್ರಶ್ನೆ, ದಾಖಲೆಯನ್ನು ಮನುಷ್ಯರು ನೋಡುತ್ತಾರೆಯೇ ಎಂಬುದು. ಯಂತ್ರವೇ ಓದುತ್ತದೆ ಎಂದು ನಾವು ನಂಬಿರುವ ಸೇವೆಗಳ ಹಿಂದೆ, ಯಂತ್ರಕ್ಕೆ ಅನುಮಾನ ಬಂದ ಪುಟಗಳನ್ನು ಟೈಪ್ ಮಾಡುವ ಜನರಿರುವುದು ಸಾಮಾನ್ಯ. ಎಕ್ಸ್‌ಪೆನ್ಸಿಫೈ ಸಂಸ್ಥೆಯ ರಸೀದಿ ಓದುವ ವ್ಯವಸ್ಥೆಯಲ್ಲಿ ಕೆಲವು ರಸೀದಿಗಳನ್ನು ಅಮೆಜಾನ್‌ನ ಮೆಕ್ಯಾನಿಕಲ್ ಟರ್ಕ್ ಮೂಲಕ ಬಿಡಿ ಕೆಲಸಗಾರರು ನೋಡುತ್ತಿದ್ದದ್ದು 2017ರಲ್ಲಿ ಬಹಿರಂಗವಾದಾಗ, ಅದರ ಬಳಕೆದಾರರಲ್ಲಿ ಅನೇಕರಿಗೆ ಅದು ಹೊಸ ವಿಷಯವಾಗಿತ್ತು. ಮನುಷ್ಯರ ಪರಿಶೀಲನೆ ಇದ್ದರೆ ಅವರು ಯಾರ ಉದ್ಯೋಗಿಗಳು, ಯಾವ ದೇಶದಲ್ಲಿ ಕುಳಿತು ನೋಡುತ್ತಾರೆ, ಪೂರ್ತಿ ಪುಟ ಕಾಣುತ್ತದೆಯೋ ಒಂದು ಸಾಲು ಮಾತ್ರವೋ, ಅದನ್ನು ನಿಲ್ಲಿಸುವ ಆಯ್ಕೆ ನಿಮಗಿದೆಯೋ ಎಂದು ಬರಹದಲ್ಲಿ ಉತ್ತರ ಪಡೆಯಿರಿ.

ತರಬೇತಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಿಮ್ಮ ದಾಖಲೆಗಳನ್ನು ತಮ್ಮ ಮಾದರಿಯನ್ನು ಸುಧಾರಿಸಲು ಬಳಸಿಕೊಳ್ಳುವ ಹಕ್ಕನ್ನು ಕೆಲವು ಸೇವೆಗಳು ಷರತ್ತುಗಳ ನಡುವೆ ಒಂದೇ ವಾಕ್ಯದಲ್ಲಿ ಪಡೆದುಕೊಂಡಿರುತ್ತವೆ. ದೊಡ್ಡ ಕ್ಲೌಡ್ ಸಂಸ್ಥೆಗಳಲ್ಲಿಯೂ, ಅಮೆಜಾನ್‌ನ ದಾಖಲೆ ಓದುವ ಸೇವೆಯಾದ ಟೆಕ್ಸ್‌ಟ್ರಾಕ್ಟ್ ಸೇರಿದಂತೆ ಕೆಲವು ಕೃತಕ ಬುದ್ಧಿಮತ್ತೆ ಸೇವೆಗಳಲ್ಲಿ, ಇದನ್ನು ನಿರಾಕರಿಸಲು ಗ್ರಾಹಕರೇ ಪ್ರತ್ಯೇಕ ನೀತಿಯನ್ನು ಹೊಂದಿಸಬೇಕಾಗುತ್ತದೆ, ಸುಮ್ಮನಿದ್ದರೆ ಒಪ್ಪಿದಂತೆ. ಉಚಿತ ಯೋಜನೆ ಮತ್ತು ಹಣ ಕೊಡುವ ಯೋಜನೆಗಳ ಷರತ್ತುಗಳು ಬೇರೆಬೇರೆಯಾಗಿರುವುದೂ ಉಂಟು. ಪ್ರಾಯೋಗಿಕ ಅವಧಿಯಲ್ಲಿ ನಿಜವಾದ ಗ್ರಾಹಕರ ದಾಖಲೆ ಹಾಕಿ ನೋಡುವುದನ್ನು ನಾನು ಖಂಡಿತವಾಗಿ ವಿರೋಧಿಸುವುದು ಈ ಕಾರಣಕ್ಕೆ. ಪರೀಕ್ಷೆಗೆ ಕಲ್ಪಿತ ಹೆಸರು, ಕಲ್ಪಿತ ಸಂಖ್ಯೆಗಳಿರುವ ಇಪ್ಪತ್ತು ಮೂವತ್ತು ಮಾದರಿಗಳನ್ನು ತಯಾರಿಸಿಕೊಳ್ಳಿ. ಮುಂದೆ ಬೇರೆ ಸೇವೆಗಳನ್ನು ಹೋಲಿಸಲೂ ಅವು ಉಪಯೋಗಕ್ಕೆ ಬರುತ್ತವೆ.

ಸೇವಾದಾರರಿಗೂ ಸೇವಾದಾರರಿದ್ದಾರೆ ಎಂಬುದನ್ನು 2023ರ ಮೂವ್‌ಇಟ್ ಪ್ರಕರಣ ಕಲಿಸಿತು. ಪ್ರೋಗ್ರೆಸ್ ಸಾಫ್ಟ್‌ವೇರ್ ಸಂಸ್ಥೆಯ ಆ ಕಡತ ವರ್ಗಾವಣಾ ತಂತ್ರಾಂಶದ ದೋಷವೊಂದನ್ನು ಬಳಸಿ ಕ್ಲಾಪ್ ಎಂಬ ಸುಲಿಗೆ ಗುಂಪು 2,000ಕ್ಕೂ ಹೆಚ್ಚು ಸಂಸ್ಥೆಗಳ ದತ್ತಾಂಶವನ್ನು ಕದ್ದಿತು. ಅವುಗಳಲ್ಲಿ ಅನೇಕರು ಮೂವ್‌ಇಟ್ ಅನ್ನು ಕೊಂಡವರೇ ಅಲ್ಲ. ಬಿಬಿಸಿ ಮತ್ತು ಬ್ರಿಟಿಷ್ ಏರ್‌ವೇಸ್ ಸಿಬ್ಬಂದಿಯ ವಿವರ ಹೋದದ್ದು, ಅವುಗಳ ಸಂಬಳದ ಲೆಕ್ಕ ನೋಡಿಕೊಳ್ಳುತ್ತಿದ್ದ ಜೆಲಿಸ್ ಎಂಬ ಸಂಸ್ಥೆ ಅದನ್ನು ಬಳಸುತ್ತಿದ್ದುದರಿಂದ. ಆದ್ದರಿಂದ ಉಪಸೇವಾದಾರರ ಪಟ್ಟಿಯನ್ನು ಕೇಳಿ, ಅದು ಬದಲಾದಾಗ ಮುಂಚಿತವಾಗಿ ತಿಳಿಸಬೇಕೆಂದು ಕರಾರಿನಲ್ಲಿ ಸೇರಿಸಿ.

ಕರಾರು

ಯುರೋಪಿನ ನಿವಾಸಿಗಳ ದಾಖಲೆ ನಿಮ್ಮಲ್ಲಿದ್ದು ಅಲ್ಲಿನ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್ ನಿಮಗೆ ಅನ್ವಯಿಸುವುದಾದರೆ, ಅದರ 28ನೇ ವಿಧಿ ಸಂಸ್ಕರಣಾ ಕರಾರನ್ನು ಕಡ್ಡಾಯ ಮಾಡಿದೆ. ಅನ್ವಯಿಸದಿದ್ದರೂ ಆ ವಿಧಿಯನ್ನು ಮಾದರಿಯಾಗಿಟ್ಟುಕೊಳ್ಳುವುದು ಜಾಣತನ. ನಿಮ್ಮ ಲಿಖಿತ ಸೂಚನೆಯಂತೆ ಮಾತ್ರ ಸಂಸ್ಕರಿಸುವುದು, ಉಪಸೇವಾದಾರರಿಗೆ ನಿಮ್ಮ ಒಪ್ಪಿಗೆ, ಕೆಲಸ ಮುಗಿದ ನಂತರ ಅಳಿಸುವುದು ಅಥವಾ ಹಿಂದಿರುಗಿಸುವುದು, ಪರಿಶೋಧನೆಗೆ ಅವಕಾಶ ಇವೆಲ್ಲ ಅದರಲ್ಲಿವೆ. ಗಡುವಿನ ಲೆಕ್ಕವನ್ನು ಮಾತ್ರ ವಿಶೇಷವಾಗಿ ನೋಡಿ. ವೈಯಕ್ತಿಕ ದತ್ತಾಂಶದ ಉಲ್ಲಂಘನೆ ಗೊತ್ತಾದ 72 ಗಂಟೆಗಳೊಳಗೆ ನೀವು ದತ್ತಾಂಶ ರಕ್ಷಣಾ ಪ್ರಾಧಿಕಾರಕ್ಕೆ ತಿಳಿಸಬೇಕು, ಆದರೆ ಸೇವಾದಾರರು ನಿಮಗೆ ತಿಳಿಸುವುದಕ್ಕೆ ಆ ಕಾನೂನು 'ಅನಗತ್ಯ ವಿಳಂಬವಿಲ್ಲದೆ' ಎಂದಷ್ಟೇ ಹೇಳುತ್ತದೆ. ಆ ಮಾತನ್ನು ಗಂಟೆಗಳ ಲೆಕ್ಕಕ್ಕೆ ಇಳಿಸಿ, 24 ಅಥವಾ 48 ಎಂದು ಸ್ಪಷ್ಟವಾಗಿ ಬರೆಸಿ, ಯಾವ ಮಿಂಚಂಚೆ ವಿಳಾಸಕ್ಕೆ ತಿಳಿಸಬೇಕೆಂಬುದನ್ನೂ ಸೇರಿಸಿ. ಸಂಸ್ಥೆ ಬಿಟ್ಟುಹೋದ ಒಬ್ಬ ಉದ್ಯೋಗಿಯ ಅಂಚೆಪೆಟ್ಟಿಗೆಗೆ ಎಚ್ಚರಿಕೆ ಬಂದು ಬಿದ್ದರೆ ಯಾರಿಗೂ ಪ್ರಯೋಜನವಿಲ್ಲ. ಚಿಕ್ಕ ಗ್ರಾಹಕರಿಗಾಗಿ ಕರಾರು ತಿದ್ದುವುದಿಲ್ಲ ಎಂದು ಸೇವಾದಾರರು ಹೇಳಬಹುದು. ಹಾಗಿದ್ದಲ್ಲಿ ಅವರ ಸಿದ್ಧ ಕರಾರನ್ನು ಪೂರ್ತಿಯಾಗಿ ಓದಿ, ಅದು ಕೊಡದಿರುವ ರಕ್ಷಣೆಯನ್ನು ಕಳಿಸುವ ದತ್ತಾಂಶ ಕಡಿಮೆ ಮಾಡಿ ಸರಿದೂಗಿಸಿ, ಅದೂ ಆಗದಿದ್ದರೆ ಬೇರೆ ಸೇವೆ ಹುಡುಕಿ.

ಜೋಡಣೆಯಲ್ಲಿ ಎಚ್ಚರ

ಸೋರಿಕೆಯ ಒಂದು ದೊಡ್ಡ ಪಾಲು ಸೇವಾದಾರರ ಬದಿಯಲ್ಲಿರದೆ ನಿಮ್ಮ ಕೋಡ್‌ನಲ್ಲಿಯೇ ಇರಬಹುದು. ಸೇವೆಯನ್ನು ಬಳಸಲು ಬೇಕಾದ ರಹಸ್ಯ ಸಂಕೇತವಾದ ಎಪಿಐ ಕೀಯನ್ನು ಮೊಬೈಲ್ ಆ್ಯಪ್ ಅಥವಾ ಬ್ರೌಸರ್ ಕೋಡ್‌ನೊಳಗೆ ಇಡಬೇಡಿ. ಅಲ್ಲಿಟ್ಟದ್ದನ್ನು ಯಾರು ಬೇಕಾದರೂ ತೆಗೆಯಬಹುದು. ಪರೀಕ್ಷೆಗೆ ಒಂದು, ನಿಜವಾದ ಬಳಕೆಗೆ ಇನ್ನೊಂದು ಕೀ ಇರಲಿ, ಬದಲಿಸುವುದು ಹೇಗೆಂದು ಮೊದಲೇ ಅಭ್ಯಾಸ ಮಾಡಿರಿ. ದಾಖಲೆಗಳಿಗೆ ಆನ್‌ಲೈನ್‌ನಲ್ಲಿ ಸಹಿ ಮಾಡಿಸುವ ಡ್ರಾಪ್‌ಬಾಕ್ಸ್ ಸೈನ್ ಸೇವೆಯೊಳಗೆ 2024ರ ಏಪ್ರಿಲ್‌ನಲ್ಲಿ ಆದ ಅಕ್ರಮ ಪ್ರವೇಶದಲ್ಲಿ ಗ್ರಾಹಕರ ಎಪಿಐ ಕೀಗಳೂ ಕಳ್ಳರ ಕೈಸೇರಿದ್ದವು. ಅಷ್ಟೇ ಅಲ್ಲ, ಖಾತೆಯನ್ನೇ ತೆರೆಯದೆ ಆ ಸೇವೆಯ ಮೂಲಕ ದಾಖಲೆ ಪಡೆದವರ, ಸಹಿ ಮಾಡಿದವರ ಹೆಸರು ಮತ್ತು ಮಿಂಚಂಚೆ ವಿಳಾಸಗಳೂ ಬಯಲಾದವು. ಅಂಥ ದಿನ ಕೀ ಬದಲಿಸಲು ಎರಡು ದಿನ ಹಿಡಿದರೆ ಆ ಎರಡು ದಿನವೂ ಬಾಗಿಲು ತೆರೆದಂತೆ.

ಕೊಂಡಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಫಸ್ಟ್ ಅಮೆರಿಕನ್ ಫೈನಾನ್ಶಿಯಲ್ ಸಂಸ್ಥೆಯ ಜಾಲತಾಣದಲ್ಲಿ ಸುಮಾರು 88.5 ಕೋಟಿ ದಾಖಲೆಗಳು ತೆರೆದುಕೊಂಡಿದ್ದದ್ದು 2019ರ ಮೇ ತಿಂಗಳಿನಲ್ಲಿ ಹೊರಬಂತು. ಯಾರೂ ಗೋಡೆ ಒಡೆಯಬೇಕಿರಲಿಲ್ಲ. ತನಗೆ ಬಂದ ದಾಖಲೆಯ ಕೊಂಡಿಯಲ್ಲಿನ ಸಂಖ್ಯೆಯನ್ನು ಒಂದರಷ್ಟು ಹೆಚ್ಚಿಸಿದರೆ ಇನ್ನೊಬ್ಬರ ದಾಖಲೆ ತೆರೆಯುತ್ತಿತ್ತು. ನಿಮ್ಮ ವ್ಯವಸ್ಥೆಯಲ್ಲಿ ಇದನ್ನು ಪರೀಕ್ಷಿಸಲು ಎರಡು ಖಾತೆಗಳು ಸಾಕು: ಮೊದಲ ಖಾತೆಯಿಂದ ಒಂದು ದಾಖಲೆ ಹಾಕಿ, ಅದರ ಕೊಂಡಿಯನ್ನು ಎರಡನೆಯ ಖಾತೆಯಲ್ಲಿಯೂ, ಲಾಗಿನ್ ಆಗದ ಬ್ರೌಸರ್‌ನಲ್ಲಿಯೂ ತೆರೆದು ನೋಡಿ. ಎರಡರಲ್ಲಿ ಒಂದು ಕಡೆ ತೆರೆದರೂ ಅಂದೇ ಕೆಲಸ ನಿಲ್ಲಿಸಿ ಸರಿಪಡಿಸಬೇಕು. ಡಿಜಿಟಲ್ ಸಹಿಯಿರುವ, ಅವಧಿ ಮುಗಿದ ಮೇಲೆ ತೆರೆಯದ ತಾತ್ಕಾಲಿಕ ಕೊಂಡಿಗಳನ್ನು ಬಳಸುವುದಾದರೆ ಅವುಗಳ ಆಯುಷ್ಯವನ್ನು ನಿಮಿಷಗಳಲ್ಲಿ ಇಡಿ. ಅಮೆಜಾನ್‌ನ ಕಡತ ಶೇಖರಣಾ ಸೇವೆಯಾದ ಎಸ್3ಯಲ್ಲಿ ಅಂಥ ಕೊಂಡಿಗೆ ಏಳು ದಿನಗಳವರೆಗೂ ಆಯುಷ್ಯ ಕೊಡಬಹುದು ಎಂಬುದು ಏಳು ದಿನ ಕೊಡಲು ಕಾರಣವಲ್ಲ.

ಸಂಸ್ಕರಣೆ ಮುಗಿಯಿತೆಂದು ಸೇವೆಯವರು ವೆಬ್‌ಹುಕ್ (ಅವರ ಸರ್ವರ್ ನಿಮ್ಮ ಸರ್ವರ್‌ಗೆ ತಾನಾಗಿ ಕಳಿಸುವ ಸಂದೇಶ) ಮೂಲಕ ತಿಳಿಸುವಾಗ ಅದರ ಡಿಜಿಟಲ್ ಸಹಿಯನ್ನು ಪರಿಶೀಲಿಸಿ, ಇಲ್ಲದಿದ್ದರೆ ನಿಮ್ಮ ವಿಳಾಸ ತಿಳಿದ ಯಾರಾದರೂ ಸುಳ್ಳು ಫಲಿತಾಂಶ ತುಂಬಬಹುದು. ದೋಷ ನಿಗಾ ತಂತ್ರಾಂಶಕ್ಕೆ ಎಪಿಐ ಉತ್ತರವನ್ನು ಇಡಿಯಾಗಿ ಕಳಿಸುವ ಅಭ್ಯಾಸವನ್ನು ನಿಲ್ಲಿಸಿ. ಆ ಉತ್ತರದೊಳಗೆ ಗ್ರಾಹಕರ ಪೂರ್ತಿ ವಿವರವಿದ್ದು, ನೀವು ಎಣಿಸದೇ ಇದ್ದ ಮೂರನೆಯ ಸಂಸ್ಥೆಯೊಂದಕ್ಕೆ ಅದು ಹೋಗುತ್ತಿರುತ್ತದೆ.

ಬರುವ ಕಡತಗಳನ್ನೂ ನಂಬಬೇಡಿ. ಚಿತ್ರಗಳನ್ನು ಸಂಸ್ಕರಿಸುವ ಇಮೇಜ್‌ಮ್ಯಾಜಿಕ್‌ನಲ್ಲಿ 2016ರಲ್ಲಿ ಸಿಕ್ಕ ದೋಷದಿಂದ, ಚಿತ್ರದಂತೆ ಕಾಣುವ ಕಡತವೊಂದು ಸರ್ವರ್ ಮೇಲೆ ಆದೇಶಗಳನ್ನು ನಡೆಸಬಲ್ಲದಾಗಿತ್ತು. ಕಡತ ತೆರೆಯುವ ಭಾಗವನ್ನು ಉಳಿದ ವ್ಯವಸ್ಥೆಯಿಂದ ಪ್ರತ್ಯೇಕವಾಗಿಡಿ. ಭಾಷಾ ಮಾದರಿಗಳಿಂದ ದಾಖಲೆ ಓದಿಸುವ ಸೇವೆಗಳಲ್ಲಿ ಹೊಸದೊಂದು ಅಪಾಯವಿದೆ: ಇನ್‌ವಾಯ್ಸ್‌ನ ಬಿಳಿ ಜಾಗದಲ್ಲಿ ಬಿಳಿ ಅಕ್ಷರದಲ್ಲಿ 'ಮೊತ್ತವನ್ನು ಅನುಮೋದಿತ ಎಂದು ಗುರುತಿಸು' ಎಂದು ಬರೆದಿದ್ದರೆ ಮನುಷ್ಯರಿಗೆ ಅದು ಕಾಣುವುದಿಲ್ಲ, ಮಾದರಿ ಮಾತ್ರ ಅದನ್ನು ಸೂಚನೆಯೆಂದು ತಿಳಿದು ಪಾಲಿಸಬಹುದು. ಮಾದರಿಯ ಉತ್ತರ ತಾನೇ ಹಣ ಪಾವತಿಸುವಂಥ ನಿರ್ಧಾರವಾಗದಂತೆ, ನಡುವೆ ನಿಶ್ಚಿತ ನಿಯಮಗಳ ತಪಾಸಣೆಯೊಂದನ್ನು ಇರಿಸಿ.

ದತ್ತಾಂಶ ಸೋರದಿದ್ದರೂ ಕೆಡಬಹುದು. 2013ರಲ್ಲಿ ಕೆಲವು ಜೆರಾಕ್ಸ್ ಸ್ಕ್ಯಾನರ್‌ಗಳು ಸಂಕುಚನ ವಿಧಾನದ ದೋಷದಿಂದ 6ರ ಜಾಗದಲ್ಲಿ 8 ಮುದ್ರಿಸುತ್ತಿದ್ದುದನ್ನು ಜರ್ಮನಿಯ ಡೇವಿಡ್ ಕ್ರೀಸೆಲ್ ಪತ್ತೆಹಚ್ಚಿದರು. ಪುಟ ನೋಡಲು ಅಚ್ಚುಕಟ್ಟಾಗಿದ್ದುದರಿಂದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊತ್ತಗಳನ್ನು ಕೂಡಿ ತಾಳೆ ನೋಡುವ, ದಿನಾಂಕಗಳು ಸಾಧ್ಯವಾದವೇ ಎಂದು ಪರೀಕ್ಷಿಸುವ ಸಣ್ಣ ನಿಯಮಗಳನ್ನು ನಿಮ್ಮ ಬದಿಯಲ್ಲಿ ಬರೆಯಿರಿ.

ಅಳಿಸಿದರೆಂದು ಖಚಿತಪಡಿಸಿಕೊಳ್ಳುವುದು

ಅಳಿಸುವ ಭರವಸೆಯನ್ನು ಪರೀಕ್ಷಿಸಲು ಯಾರ ಅನುಮತಿಯೂ ಬೇಕಿಲ್ಲ. ಕಲ್ಪಿತ ಹೆಸರೊಂದಿರುವ ದಾಖಲೆಯನ್ನು ಕಳಿಸಿ, ಸೇವೆಯಿಂದ ಬಂದ ಎಲ್ಲ ಗುರುತುಗಳನ್ನು ಮತ್ತು ಕೊಂಡಿಗಳನ್ನು ಬರೆದಿಟ್ಟುಕೊಳ್ಳಿ. ಅಳಿಸುವ ಎಪಿಐ ಕರೆ ಮಾಡಿ, ಅವರು ಹೇಳಿದ ಅವಧಿ ಮುಗಿದ ಮರುದಿನ ಒಂದೊಂದನ್ನೂ ತೆರೆದು ನೋಡಿ: ಮೂಲ ಕಡತ, ಪುಟದ ಚಿತ್ರ, ಪಠ್ಯ, ಥಂಬ್‌ನೇಲ್, ಅವರ ಡ್ಯಾಶ್‌ಬೋರ್ಡ್‌ನ ಹುಡುಕಾಟ. ಓದಲಾಗದಂತೆ ಬೇಕೆಂದೇ ಮಸುಕು ಮಾಡಿದ ಇನ್ನೊಂದು ದಾಖಲೆಯಿಂದಲೂ ಇದನ್ನೇ ಮಾಡಿ. ಮೂರು ತಿಂಗಳಿಗೊಮ್ಮೆ ಇದನ್ನು ಪುನರಾವರ್ತಿಸಲು ಒಬ್ಬರ ಹೆಸರಿಗೆ ಕೆಲಸ ಹಚ್ಚಿಡಿ.

ಸೇವೆಯನ್ನು ಬಿಡುವ ದಿನವೂ ಬರುತ್ತದೆ. ಆಗ ಖಾತೆ ಮುಚ್ಚುವುದಕ್ಕೂ ಮುಂಚೆ ನಿಮ್ಮ ದತ್ತಾಂಶವನ್ನು ಹೊರತೆಗೆದುಕೊಳ್ಳಿ, ಅಳಿಸಿದ ಬಗ್ಗೆ ಬ್ಯಾಕಪ್‌ಗಳ ಗಡುವು ಸೇರಿದಂತೆ ಲಿಖಿತ ದೃಢೀಕರಣ ಪಡೆಯಿರಿ, ಎಲ್ಲ ಕೀಗಳನ್ನು ರದ್ದುಮಾಡಿ, ನಿಮ್ಮ ಶೇಖರಣೆಗೆ ಆ ಸೇವೆಗೆ ಕೊಟ್ಟಿದ್ದ ಓದುವ ಅನುಮತಿಯನ್ನು ಹಿಂತೆಗೆದುಕೊಳ್ಳಿ. ಈ ಕೊನೆಯದನ್ನೇ ಹೆಚ್ಚು ಜನ ಮರೆಯುತ್ತಾರೆ. ಬಳಕೆ ನಿಂತು ವರ್ಷವಾದರೂ ಹಳೆಯ ಸೇವೆಯೊಂದಕ್ಕೆ ನಿಮ್ಮ ಇಡೀ ದಾಖಲೆ ಸಂಗ್ರಹ ಓದಲು ಸಿಗುತ್ತಿರಬಹುದು. ಕ್ಲೌಡ್ ಖಾತೆಯ ಅನುಮತಿಗಳ ಪುಟವನ್ನು ಇಂದೇ ತೆರೆದು, ಗುರುತು ಹತ್ತದ ಹೆಸರುಗಳು ಅಲ್ಲಿ ಯಾವುವು ಇವೆ ಎಂದು ನೋಡಿ.